ಭರಣಿಗೆ ಹಾಕಿದ ವಸ್ತು

ವಿಮರ್ಶೆ ಎಂಬ ಮಾತು ನಮ್ಮಲ್ಲಿ ಕತೆ, ಕವಿತೆ, ಕಾದಂಬರಿ, ಹೆಚ್ಚೆಂದರೆ ನಾಟಕ ಸಿನಿಮಾಗಳ ಅಂಗಳವನ್ನು ದಾಟಿ ಹೋದದ್ದು ಕಡಿಮೆ. ಒಂದು ಸೇತುವೆಯನ್ನೋ ಒಂದು ಕಂಪ್ಯೂಟರ್ ಭಾಷೆಯನ್ನೋ ಯಾರೂ ವಿಮರ್ಶಿಸುವ ಗೋಜಿಗೆ ಹೋಗುವುದಿಲ್ಲ. ಕೆಟ್ಟರೆ ರಿಪೇರಿ ಮಾಡಿಸುತ್ತೇವೆ, ಕೆಡದಿದ್ದರೆ ಸುಮ್ಮನಿರುತ್ತೇವೆ. ಆದರೆ ಕಂಪ್ಯೂಟರ್ ಭಾಷೆಯೂ ಮನುಷ್ಯರು ಕೂತು, ವಾದ ಮಾಡಿ, ಹೊಡೆದು ತಿದ್ದಿ ಕಟ್ಟಿದ ಕೃತಿಯೇ. ಕಟ್ಟಿದವರ ಜಾಣ್ಮೆ, ಔದಾರ್ಯ, ಅವಸರ ಎಲ್ಲವೂ ಅದರಲ್ಲಿ ಕಾಣುತ್ತವೆ. ಬಹಳ ವರ್ಷ ಜಾವಾ ಭಾಷೆಯ ಜೊತೆ ಬಾಳಿದ ನನಗೆ ಅದರ ಒಂದು ಅಂಗವನ್ನಾದರೂ ಕೃತಿಯೊಂದನ್ನು ನೋಡುವ ಹಾಗೆ ನೋಡಬೇಕು ಅನ್ನಿಸಿದೆ. ಆ ಅಂಗದ ಹೆಸರು ಆಬ್ಜೆಕ್ಟ್ ಸೀರಿಯಲೈಸೇಶನ್. ಹೆಸರು ಕೇಳಿದೊಡನೆ ಟೀವಿಯ ಧಾರಾವಾಹಿ ನೆನಪಾದರೆ ಓದುಗರು ನಾಚಿಕೊಳ್ಳಬೇಕಾಗಿಲ್ಲ. ಎರಡರ ಮೂಲವೂ ಒಂದೇ: ಸಾಲಾಗಿ, ಒಂದರ ಹಿಂದೆ ಒಂದು ಬರುವುದು.

ಆಬ್ಜೆಕ್ಟ್ ಎಂದರೇನು? ಒಂದು ಹಳ್ಳಿಯ ಸಹಕಾರ ಸಂಘದ ಲೆಕ್ಕವನ್ನು ಕಂಪ್ಯೂಟರಿಗೆ ಹಾಕುತ್ತಿದ್ದೇವೆ ಎಂದುಕೊಳ್ಳಿ. ಪ್ರೋಗ್ರಾಮು ಓಡುವಾಗ ಒಬ್ಬೊಬ್ಬ ಸದಸ್ಯನಿಗೂ ಮೆಮೊರಿಯಲ್ಲಿ ಒಂದೊಂದು ಆಬ್ಜೆಕ್ಟ್ ಇರುತ್ತದೆ. ಅದರಲ್ಲಿ ಅವನ ಹೆಸರು, ಷೇರಿನ ಹಣ, ಸಾಲ, ಅವನಿಗೆ ಜಾಮೀನು ನಿಂತವರು. ಜಾಮೀನುದಾರನೂ ಸಂಘದ ಸದಸ್ಯನೇ ಆದ್ದರಿಂದ ಅವನ ವಿವರವನ್ನು ಮತ್ತೆ ಬರೆಯುವುದಿಲ್ಲ. ಅವನ ಆಬ್ಜೆಕ್ಟ್ ಮೆಮೊರಿಯಲ್ಲಿ ಎಲ್ಲಿದೆ ಎಂಬ ವಿಳಾಸವಷ್ಟೇ ಇರುತ್ತದೆ. ಕರೆಂಟು ಹೋದರೆ ಇದೆಲ್ಲ ಗಾಳಿಗೆ. ಉಳಿಸಬೇಕೆಂದರೆ ಡಿಸ್ಕಿಗೆ ಬರೆಯಬೇಕು, ಬೇರೆ ಕಂಪ್ಯೂಟರಿಗೆ ಕಳಿಸಬೇಕೆಂದರೆ ತಂತಿಯ ಮೇಲೆ ಹಾಯಿಸಬೇಕು. ಎರಡಕ್ಕೂ ಬೇಕಾದ್ದು ಬೈಟುಗಳ ಒಂದು ನೇರ ಸಾಲು. ಆದರೆ ಮೆಮೊರಿಯ ವಿಳಾಸಕ್ಕೆ ಆ ಮೆಮೊರಿಯ ಹೊರಗೆ ಬೆಲೆಯಿಲ್ಲ. ಮೇಲಾಗಿ ಭೀಮಪ್ಪನಿಗೆ ರಾಮಪ್ಪ ಜಾಮೀನು, ರಾಮಪ್ಪನಿಗೆ ಭೀಮಪ್ಪ ಜಾಮೀನು ಎಂದಾದರೆ, ಒಬ್ಬನನ್ನು ಬರೆಯಹೊರಟವ ಇನ್ನೊಬ್ಬನನ್ನು ಬರೆಯಬೇಕು, ಅಲ್ಲಿಂದ ಮತ್ತೆ ಮೊದಲನೆಯವನಿಗೆ ಬರಬೇಕು. ಗಾಣದ ಎತ್ತಿನ ಸುತ್ತು. ಈ ಸುತ್ತನ್ನು ಬಿಡಿಸಿ ಸಾಲು ಮಾಡುವುದೇ ಸೀರಿಯಲೈಸೇಶನ್. ಆ ಸಾಲಿನಿಂದ ಅದೇ ಸುತ್ತನ್ನು ಮತ್ತೆ ಕಟ್ಟುವುದು ಡೀಸೀರಿಯಲೈಸೇಶನ್.

ಕಸುಬಿನವರಲ್ಲಿ ಇದಕ್ಕೆ ಇನ್ನೊಂದು ಹೆಸರೂ ಇದೆ: ಉಪ್ಪಿನಕಾಯಿ ಹಾಕುವುದು. ತಮಾಷೆಗೆ ಹೇಳುತ್ತಿಲ್ಲ. ಪೈಥಾನ್ ಭಾಷೆಯಲ್ಲಿ ಈ ಕೆಲಸ ಮಾಡುವ ಭಾಗದ ಹೆಸರೇ ‘ಪಿಕಲ್’. ಜಾವಾವನ್ನು ಹುಟ್ಟಿಸಿದ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಈ ಏರ್ಪಾಡನ್ನು ರೂಪಿಸಿದ ರೋಜರ್ ರಿಗ್ಸ್, ಜಿಮ್ ವಾಲ್ಡೊ, ಆನ್ ವೋಲ್‌ರಾತ್ ಮೊದಲಾದವರು 1996ರಲ್ಲಿ ಬರೆದ ಲೇಖನದ ತಲೆಬರಹ ‘ಪಿಕ್ಲಿಂಗ್ ಸ್ಟೇಟ್ ಇನ್ ದ ಜಾವಾ ಸಿಸ್ಟಮ್’. ಮರುವರ್ಷ, 1997ರಲ್ಲಿ, ಜಾವಾ 1.1ರ ಜೊತೆ ಅದು ಜಗತ್ತಿಗೆ ಬಂತು. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿ ಹಾಕಬಲ್ಲವರು ಮಾವಿನ ಮಿಡಿಯನ್ನು ಬಂದದ್ದು ಬಂದ ಹಾಗೆ ಭರಣಿಗೆ ಸುರಿಯುವುದಿಲ್ಲ. ತೊಟ್ಟು ನೋಡುತ್ತಾರೆ, ಪೆಟ್ಟು ಬಿದ್ದದ್ದನ್ನು ತೆಗೆದಿಡುತ್ತಾರೆ, ನೀರಿನ ಪಸೆ ಆರುವ ತನಕ ಕಾಯುತ್ತಾರೆ. ಯಾವುದು ಒಳಗೆ ಹೋಗಬೇಕು, ಯಾವುದು ಕೂಡದು ಎಂಬ ಈ ತೀರ್ಮಾನದ ಕೆಲಸವನ್ನೇ ಜಾವಾ ಪ್ರೋಗ್ರಾಮರನ ಕೈಯಿಂದ ಕಿತ್ತುಕೊಂಡು ಉಪಕಾರ ಮಾಡಲು ಹೋಯಿತು. ನನ್ನ ತಕರಾರು ಇರುವುದು ಇಲ್ಲಿ.

ಮೆಚ್ಚಬೇಕಾದ್ದನ್ನು ಮೊದಲು ಹೇಳಿಬಿಡಬೇಕು. ಅದಕ್ಕೆ ಹಿಂದೆ ಸಿ, ಸಿ ಪ್ಲಸ್ ಪ್ಲಸ್ ಭಾಷೆಗಳಲ್ಲಿ ಒಂದೊಂದು ಬಗೆಯ ಆಬ್ಜೆಕ್ಟಿಗೂ ಬರೆಯುವ ಕೋಡು, ಓದುವ ಕೋಡು ಎರಡನ್ನೂ ಸಾಮಾನ್ಯವಾಗಿ ಕೈಯಾರೆ ಬರೆಯಬೇಕಿತ್ತು. ಜಾವಾದಲ್ಲಿ ಕ್ಲಾಸಿನ ಹೆಸರಿನ ಪಕ್ಕದಲ್ಲಿ ‘ಇಂಪ್ಲಿಮೆಂಟ್ಸ್ ಸೀರಿಯಲೈಸಬಲ್’ ಎಂದು ಎರಡು ಪದ ಸೇರಿಸಿದರೆ ಮುಗಿಯಿತು. ಭೀಮಪ್ಪ ರಾಮಪ್ಪರ ಸುತ್ತನ್ನೂ ಅದು ಚೆನ್ನಾಗಿ ಬಿಡಿಸುತ್ತದೆ. ಮೊದಲ ಸಲ ಬರೆಯುವಾಗ ಪ್ರತಿಯೊಂದು ಆಬ್ಜೆಕ್ಟಿಗೂ ಒಂದು ನಂಬರು. ಅದೇ ಆಬ್ಜೆಕ್ಟ್ ಮತ್ತೆ ಎದುರಾದರೆ ನಂಬರನ್ನಷ್ಟೇ ಬರೆಯುವುದು. ಓದುವಾಗ ಇಬ್ಬರೂ ಪರಸ್ಪರ ಜಾಮೀನಿನ ಸಮೇತ ಎದ್ದು ಬರುತ್ತಾರೆ. ಒಂದು ಕಂಪ್ಯೂಟರಿನ ಪ್ರೋಗ್ರಾಮು ಇನ್ನೊಂದು ಕಂಪ್ಯೂಟರಿನ ಪ್ರೋಗ್ರಾಮನ್ನು ಪಕ್ಕದ ಮನೆಯವರನ್ನು ಕೂಗಿದಷ್ಟು ಸಲೀಸಾಗಿ ಕೂಗಬೇಕೆಂಬುದು ಆ ಕಾಲದ ಕನಸು, ಅದಕ್ಕೆ ಇದೇ ಬುನಾದಿ. ಬ್ಯಾಂಕು, ವಿಮೆ, ಸರಕಾರಗಳ ದೊಡ್ಡ ದೊಡ್ಡ ತಂತ್ರಾಂಶಗಳು ಇದರ ಮೇಲೆ ನಿಂತವು. ಬೆಂಗಳೂರಿನಲ್ಲಿ ಜಾವಾ ಕಲಿತು ಕೆಲಸಕ್ಕೆ ಸೇರಿದ ಒಂದು ಇಡೀ ತಲೆಮಾರು ಈ ಎರಡು ಪದಗಳನ್ನು ಸಹಿ ಹಾಕಿದಷ್ಟೇ ಸರಾಗವಾಗಿ ಬರೆದಿದೆ.

ಆ ಸರಾಗವೇ ನನಗೆ ಅನುಮಾನ. ಸೀರಿಯಲೈಸಬಲ್ ಎಂಬುದರಲ್ಲಿ ಮಾಡಬೇಕಾದ ಕೆಲಸ ಒಂದೂ ಇಲ್ಲ. ಅದು ಬರಿಯ ಹಣೆಪಟ್ಟಿ. ಆದರೆ ಅದನ್ನು ಕಟ್ಟಿಕೊಂಡ ಕ್ಲಾಸು ಒಂದು ಮಾತು ಕೊಟ್ಟ ಹಾಗೆ: ಇವತ್ತು ಬರೆದದ್ದನ್ನು ನಾಳೆಯೂ ಓದಬಲ್ಲೆ ಎಂದು. ಪ್ರೋಗ್ರಾಮು ನಾಳೆ ಇವತ್ತಿನಂತೆಯೇ ಇರುವುದಿಲ್ಲ. ಆಗ ಏನು ಗತಿ? ಇದಕ್ಕೆ ಜಾವಾ ಒಂದು ಉಪಾಯ ಮಾಡಿತು. ಕ್ಲಾಸಿನ ಹೆಸರು, ಅದರ ಅಂಗಗಳು, ಅದು ಹೊರಗೆ ತೋರಿಸುವ ಕ್ರಿಯೆಗಳು ಇವನ್ನೆಲ್ಲ ಅರೆದು ಒಂದು ಉದ್ದನೆಯ ಸಂಖ್ಯೆ ತೆಗೆದು, ಫೈಲಿನಲ್ಲಿ ಬರೆದಿಡುತ್ತದೆ. ಓದುವಾಗ ಆ ಸಂಖ್ಯೆ ತಾಳೆಯಾಗದಿದ್ದರೆ ಬಾಗಿಲು ತೆಗೆಯುವುದಿಲ್ಲ. ಪ್ರೋಗ್ರಾಮರನೇ ‘ಸೀರಿಯಲ್‌ವರ್ಷನ್‌ಯುಐಡಿ’ ಎಂಬ ಹೆಸರಿನಲ್ಲಿ ಸಂಖ್ಯೆಯನ್ನು ಬರೆದಿಟ್ಟರೆ ಈ ಅರೆಯುವ ಕೆಲಸ ಇಲ್ಲ. ಬರೆಯಲೇಬೇಕು ಎಂದು ಮಾತ್ರ ಭಾಷೆ ಹೇಳುವುದಿಲ್ಲ.

ಇದರ ಫಲವನ್ನು ನಾನು ಕಣ್ಣಾರೆ ಕಂಡದ್ದು ಒಂದು ಸಣ್ಣ ಸಂಸ್ಥೆಯಲ್ಲಿ. ಸಂಘಗಳಿಗೆ ಲೆಕ್ಕದ ತಂತ್ರಾಂಶ ಮಾಡಿಕೊಡುತ್ತಿದ್ದ ಅವರು ಸದಸ್ಯರ ವಿವರವನ್ನೆಲ್ಲ ಹೀಗೇ ಫೈಲಿಗೆ ಬರೆದಿಡುತ್ತಿದ್ದರು. ಮಾರ್ಚ್ ಕೊನೆಯ ವಾರ, ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ನೋಟೀಸಿನ ಲಕೋಟೆಗೆ ಅಂಟಿಸಲು ವಿಳಾಸದ ಚೀಟಿ ಬೇಕೆಂದರೆಂದು ಸದಸ್ಯರ ಕ್ಲಾಸಿಗೆ ಒಂದು ಕ್ರಿಯೆ ಸೇರಿಸಿದಳು. ಸಾಲ, ಷೇರು ಯಾವುದನ್ನೂ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಒಂದೇ ಒಂದು ಹಳೆಯ ಫೈಲೂ ತೆರೆಯಲಿಲ್ಲ. ಎಲ್ಲರೂ ಆ ಹುಡುಗಿಯ ಮುಖ ನೋಡಿದರು. ನನ್ನನ್ನು ಕರೆಸಿ ತೋರಿಸಿದಾಗ ದೋಷದ ಸಂದೇಶದಲ್ಲೇ ಎರಡು ಸಂಖ್ಯೆಗಳಿದ್ದವು, ಫೈಲಿನಲ್ಲಿರುವುದು ಒಂದು, ಈಗಿನ ಕ್ಲಾಸಿನದು ಇನ್ನೊಂದು. ಫೈಲಿನ ಸಂಖ್ಯೆಯನ್ನು ಕ್ಲಾಸಿನಲ್ಲಿ ಬರೆದದ್ದೇ ತಡ, ಸದಸ್ಯರೆಲ್ಲ ಹೊರಬಂದರು. ಅವಳದೇನೂ ತಪ್ಪಿರಲಿಲ್ಲ. ವಿಳಾಸದ ಚೀಟಿಗೂ ಹಳೆಯ ಫೈಲಿಗೂ ನಂಟಿದೆಯೆಂದು ಆ ಕೋಡಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ, ಊಹಿಸಲೂ ಸಾಧ್ಯವಿರಲಿಲ್ಲ.

ಸಂಖ್ಯೆ ಬರೆದಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡರೆ ಅದೂ ಇಲ್ಲ. ಆಗ ಬರುವ ಪೀಡೆ ಇನ್ನೂ ಮೆತ್ತಗಿನದು. ‘ಸಾಲ’ ಎಂಬ ಅಂಗದ ಹೆಸರನ್ನು ಯಾರೋ ಅಚ್ಚುಕಟ್ಟಿಗೆಂದು ‘ಸಾಲಬಾಕಿ’ ಎಂದು ಬದಲಿಸುತ್ತಾರೆ ಎನ್ನಿ. ಸಂಖ್ಯೆ ತಾಳೆಯಾಗುತ್ತದೆ, ಫೈಲು ತೆರೆಯುತ್ತದೆ. ಹಳೆಯ ‘ಸಾಲ’ ಯಾರಿಗೂ ಬೇಡವಾಗಿ ಬಿದ್ದುಹೋಗುತ್ತದೆ, ಹೊಸ ‘ಸಾಲಬಾಕಿ’ ಸೊನ್ನೆಯಾಗಿ ಏಳುತ್ತದೆ. ಊರಿನವರ ಸಾಲವೆಲ್ಲ ಮನ್ನಾ! ಒಂದು ಎಚ್ಚರಿಕೆಯ ಮಾತೂ ಬರುವುದಿಲ್ಲ. ಕ್ಲಾಸಿನ ಒಳಗುಟ್ಟು ಹೊರಗಿನವರಿಗೆ ತಿಳಿಯದಂತೆ ಇರಬೇಕು, ಅದನ್ನು ಬೇಕಾದಾಗ ಬದಲಿಸಿಕೊಳ್ಳಬಹುದು ಎಂಬುದು ಈ ಬಗೆಯ ಭಾಷೆಗಳ ಮೊದಲ ಪಾಠ. ಸೀರಿಯಲೈಸಬಲ್ ಆದ ಮರುಗಳಿಗೆಯಿಂದ ಒಳಗಿನ ಹೆಸರುಗಳೇ ಫೈಲಿನ ನುಡಿಗಟ್ಟಾಗುತ್ತವೆ. ಪಾಠ ಹೇಳಿದವರೇ ಅದನ್ನು ಅಳಿಸಿದ ಹಾಗಾಯಿತು.

ಇನ್ನೊಂದು ಲೋಪ ಬಾಗಿಲಿನದು. ಆಬ್ಜೆಕ್ಟ್ ಹುಟ್ಟುವುದಕ್ಕೆ ಕನ್‌ಸ್ಟ್ರಕ್ಟರ್ ಎಂಬ ಮುಂಬಾಗಿಲು ಇರುತ್ತದೆ. ಷೇರಿನ ಹತ್ತು ಪಟ್ಟಿಗಿಂತ ಹೆಚ್ಚು ಸಾಲ ಕೂಡದು ಎಂಬಂಥ ನಿಯಮವನ್ನು ಕಾವಲಿಗೆ ನಿಲ್ಲಿಸುವುದು ಅಲ್ಲಿ. ಫೈಲಿನಿಂದ ಓದುವಾಗ ಜಾವಾ ಆ ಕ್ಲಾಸಿನ ಕನ್‌ಸ್ಟ್ರಕ್ಟರನ್ನು ಕರೆಯುವುದೇ ಇಲ್ಲ. ಹಿತ್ತಿಲ ಬಾಗಿಲಿನಿಂದ ನೇರವಾಗಿ ಅಂಗಗಳಿಗೆ ಬೆಲೆ ತುಂಬುತ್ತದೆ. ಫೈಲನ್ನು ಯಾರಾದರೂ ತಿದ್ದಿದ್ದರೆ, ಸಂಘದ ಯಾವ ನಿಯಮದಲ್ಲೂ ಹುಟ್ಟಲಾರದ ಸದಸ್ಯನೊಬ್ಬ ಎದ್ದು ನಿಲ್ಲಬಹುದು.

ಇದಕ್ಕಿಂತ ಭಯಂಕರವಾದದ್ದು ಯಾವ ಬಗೆಯ ಆಬ್ಜೆಕ್ಟ್ ಹುಟ್ಟಬೇಕೆಂಬುದನ್ನು ಓದುವವನಲ್ಲ, ಓದಿಸಿಕೊಳ್ಳುವ ಬೈಟುಗಳೇ ತೀರ್ಮಾನಿಸುತ್ತವೆ ಎಂಬುದು. ಸದಸ್ಯರ ಪಟ್ಟಿ ಬಂದಿದೆ ಎಂದು ಭರಣಿಯ ಮುಚ್ಚಳ ತೆಗೆಯುತ್ತೇವೆ. ಒಳಗಿರುವುದು ಸದಸ್ಯನೇ ಹೌದೋ ಎಂದು ನೋಡುವಷ್ಟರಲ್ಲಿ ಅದು ಎದ್ದು ಕೂತು ತನ್ನ ಕೆಲಸ ಮಾಡಿ ಮುಗಿಸಿರುತ್ತದೆ. 2015ರ ಜನವರಿಯಲ್ಲಿ ಕ್ರಿಸ್ ಫ್ರೋಹಾಫ್ ಮತ್ತು ಗೇಬ್ರಿಯಲ್ ಲಾರೆನ್ಸ್ ಎಂಬಿಬ್ಬರು ಇದನ್ನು ಪ್ರಯೋಗ ಮಾಡಿ ತೋರಿಸಿದರು. ಎಷ್ಟೋ ಪ್ರೋಗ್ರಾಮುಗಳು ಜೊತೆಗಿಟ್ಟುಕೊಳ್ಳುವ ‘ಕಾಮನ್ಸ್ ಕಲೆಕ್ಷನ್ಸ್’ ಎಂಬ ನಿರುಪದ್ರವಿ ಕ್ಲಾಸುಗಳನ್ನೇ ಒಂದಕ್ಕೊಂದು ಸರಪಳಿಯಂತೆ ಪೋಣಿಸಿ ಕಳಿಸಿದರೆ, ಓದಿದ ಕಂಪ್ಯೂಟರು ಕಳಿಸಿದವನ ಆಜ್ಞೆಯನ್ನು ಪಾಲಿಸುತ್ತದೆ. ಅದೇ ವರ್ಷದ ನವೆಂಬರಿನಲ್ಲಿ ವೆಬ್‌ಲಾಜಿಕ್, ವೆಬ್‌ಸ್ಫಿಯರ್, ಜೆಬಾಸ್, ಜೆಂಕಿನ್ಸ್ ಇವೆಲ್ಲವೂ ಹೀಗೆ ಬೀಳಬಲ್ಲವು ಎಂದು ತೋರಿಸಲಾಯಿತು. 2016ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರಸಾರಿಗೆಯ ಕಂಪ್ಯೂಟರುಗಳು ಸುಲಿಗೆಕೋರರ ಕೈಗೆ ಸಿಕ್ಕಿ ಜನ ಪುಕ್ಕಟೆಯಾಗಿ ಓಡಾಡಿದರು. ಜೋಶುವಾ ಬ್ಲಾಕ್ ಅವರು ತಮ್ಮ ‘ಎಫೆಕ್ಟಿವ್ ಜಾವಾ’ ಪುಸ್ತಕದ 2018ರ ಆವೃತ್ತಿಯಲ್ಲಿ ಈ ದಾಳಿಯನ್ನೇ ಉದಾಹರಣೆಯಾಗಿ ಕೊಟ್ಟು, ಹೊಸದಾಗಿ ಕಟ್ಟುವ ತಂತ್ರಾಂಶದಲ್ಲಿ ಇದನ್ನು ಬಳಸಲು ಕಾರಣವೇ ಇಲ್ಲ ಎನ್ನುತ್ತಾರೆ. ಬ್ಲಾಕ್ ಹೊರಗಿನ ಟೀಕಾಕಾರರಲ್ಲ, ಸನ್‌ನಲ್ಲಿದ್ದು ಜಾವಾವನ್ನು ಕಟ್ಟಿದವರಲ್ಲಿ ಒಬ್ಬರು. ಅದೇ ವರ್ಷ ಜಾವಾದ ಮುಖ್ಯ ಶಿಲ್ಪಿ ಮಾರ್ಕ್ ರೀನ್‌ಹೋಲ್ಡ್ ಅವರೂ ಇದನ್ನು 1997ರ ಘೋರ ಪ್ರಮಾದವೆಂದು ಒಪ್ಪಿಕೊಂಡರು.

ಇದು ಜಾವಾ ಒಂದರ ಕತೆಯಲ್ಲ. ಪೈಥಾನಿನ ಪಿಕಲ್‌ಗೂ ಇದೇ ರೋಗ. ನಂಬಿಕೆಯಿಲ್ಲದವರು ಕೊಟ್ಟ ಭರಣಿ ತೆರೆಯಬೇಡಿ ಎಂದು ಅದರ ಕೈಪಿಡಿಯೇ ಹೇಳುತ್ತದೆ. ಮೈಕ್ರೋಸಾಫ್ಟಿನವರು ತಮ್ಮ ‘ಬೈನರಿ ಫಾರ್ಮ್ಯಾಟರ್’ ಎಂಬ ಇಂಥದೇ ಏರ್ಪಾಡನ್ನು 2024ರ ಡಾಟ್‌ನೆಟ್ 9ರಿಂದ ಕಿತ್ತೇ ಹಾಕಿದರು. ಜಾವಾ ಕಿತ್ತು ಹಾಕಿಲ್ಲ. ಹಳೆಯ ಫೈಲುಗಳ ಋಣ ದೊಡ್ಡದು. 2017ರ ಜಾವಾ 9ರಲ್ಲಿ ಯಾವ ಕ್ಲಾಸು ಒಳಗೆ ಬರಬಹುದೆಂದು ಸೋಸುವ ಜರಡಿ ಬಂತು. 2021ರ ಜಾವಾ 16ರಲ್ಲಿ ನೆಲೆಯಾದ ‘ರೆಕಾರ್ಡ್’ ಎಂಬ ಬಗೆಯ ಕ್ಲಾಸುಗಳು ಓದುವಾಗಲೂ ಕನ್‌ಸ್ಟ್ರಕ್ಟರಿನ ಮುಂಬಾಗಿಲಿನಿಂದಲೇ ಬರುತ್ತವೆ. ತಡವಾಗಿಯಾದರೂ ಕಾವಲುಗಾರನನ್ನು ಮತ್ತೆ ನಿಲ್ಲಿಸಿದ್ದಾರೆ.

ನಮ್ಮ ಕಚೇರಿಗಳಲ್ಲಿ ಫೈಲಿಗೆ ಕಡತ ಎನ್ನುತ್ತಾರೆ. ಮೂಲದಲ್ಲಿ ಕಡತ ಎಂದರೆ ಬಟ್ಟೆಗೆ ಹುಣಿಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕ. ಶೃಂಗೇರಿ ಮಠದ ಕಡತಗಳನ್ನು ಇತಿಹಾಸಕಾರರು ಇಂದಿಗೂ ಓದಬಲ್ಲರು. ಅದನ್ನು ಬರೆದವನು ತನ್ನ ತಲೆಯೊಳಗಿನದನ್ನೆಲ್ಲ ಅದರಲ್ಲಿ ತುಂಬಲು ಹೋಗಲಿಲ್ಲ; ಇನ್ನೊಬ್ಬ ಓದುವುದಕ್ಕೆ ಬೇಕಾದ್ದನ್ನು ಬರೆದ. ಆಬ್ಜೆಕ್ಟನ್ನು ಉಳಿಸುವ ಸರಿಯಾದ ಕ್ರಮವೂ ಇದೇ ಎಂದು ನನಗೆ ತೋರುತ್ತದೆ. ಹೊಸ ಪ್ರಾಜೆಕ್ಟಿನಲ್ಲಿ ಈ ಕೆಲಸಕ್ಕೆ ಕೂತವರು ಕ್ಲಾಸನ್ನು ಪಕ್ಕಕ್ಕಿಟ್ಟು, ಹೊರಗೆ ಹೋಗುವ ಕಾಗದದ ನಮೂನೆಯನ್ನು ಮೊದಲು ಬರೆಯಲಿ: ಯಾವ ಕಲಮು, ಯಾವ ಹೆಸರು, ಎಷ್ಟನೆಯ ಆವೃತ್ತಿ. ಅದು ಜೇಸನ್ ಆಗಬಹುದು, ಗೂಗಲ್ 2008ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಪ್ರೋಟೊಕಾಲ್ ಬಫರ್ಸ್ ಆಗಬಹುದು. ಎರಡನೆಯದರಲ್ಲಿ ಒಂದೊಂದು ಕಲಮಿಗೂ ಒಂದು ನಂಬರು. ಹೆಸರು ಬದಲಾದರೂ ನಂಬರು ಬದಲಾಗಬಾರದು. ತೆಗೆದುಹಾಕಿದ ಕಲಮಿನ ನಂಬರನ್ನು ಇನ್ನೊಂದಕ್ಕೆ ಕೊಡಬಾರದು. ಆ ಕಾಗದದಿಂದ ಆಬ್ಜೆಕ್ಟ್ ಕಟ್ಟುವಾಗ ಕನ್‌ಸ್ಟ್ರಕ್ಟರಿನ ಮೂಲಕವೇ ಕಟ್ಟಬೇಕು. ಒಂದೊಂದು ಆವೃತ್ತಿಯ ಒಂದು ಹಳೆಯ ಫೈಲನ್ನು ಜೋಪಾನವಾಗಿಟ್ಟು, ಪ್ರತಿ ಬದಲಾವಣೆಯ ನಂತರವೂ ತೆರೆದು ನೋಡಬೇಕು. ಇದು ಎರಡು ಪದಗಳಲ್ಲಿ ಮುಗಿಯುವ ಕೆಲಸವಲ್ಲ, ಒಂದೆರಡು ದಿನ ಹೆಚ್ಚು ಹಿಡಿಯುತ್ತದೆ.

ಹಿಡಿಯಲಿ. ಜಾವಾದ ಏರ್ಪಾಡನ್ನು ಕೆಟ್ಟ ಕೃತಿ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದು ಬಹಳ ಜಾಣರು ಬರೆದ ಕೃತಿ. ಬರೆಯುವವನ ಶ್ರಮವನ್ನು ಅವರು ಅಷ್ಟು ಕಾಳಜಿಯಿಂದ ನೆನೆದರು, ಮುಂದೆಂದೋ ಮುಚ್ಚಳ ತೆಗೆದು ಓದುವವನನ್ನು ಅಷ್ಟು ನೆನೆಯಲಿಲ್ಲ. ಮಾರ್ಚ್ ಕೊನೆಯ ವಾರದಲ್ಲಿ ಎಲ್ಲರ ನೋಟಕ್ಕೆ ಗುರಿಯಾಗಿ ನಿಲ್ಲಬೇಕಾಗಿ ಬಂದದ್ದು ಅಂಥ ಓದುವವರಲ್ಲೊಬ್ಬಳು.