ಮದ್ದಿನ ಅಳತೆ, ಮದ್ಯದ ರುಚಿ

ಅಂಗೈಗೆ ಎರಡು ಹನಿ ಬಿಟ್ಟುಕೊಂಡು ಚೆನ್ನಾಗಿ ಉಜ್ಜಿ, ಮೂಗಿಗೆ ಹಿಡಿಯಿರಿ. ಮೊದಲು ಲವಂಗ, ಚಕ್ಕೆ ನೆನಪಾಗುತ್ತವೆ. ಆಮೇಲೆ ಕಿತ್ತಳೆ ಸಿಪ್ಪೆ. ಕೊನೆಗೆ ಉಳಿಯುವುದು ಒಣಬೇರಿನ ಘಾಟು. ಮುಂಬಯಿಯ ಆಂಟಾಪ್ ಹಿಲ್‌ನ ನಮ್ಮ ಮನೆಗೆ ಬಂದವರಿಗೆ ಅಂಗೋಸ್ಟುರಾ ಬಿಟರ್ಸನ್ನು ನಾನು ಪರಿಚಯಿಸುವುದೇ ಹೀಗೆ.

ಬಾಟಲಿಯ ಕುತ್ತಿಗೆವರೆಗೂ ಏರಿದ ದೊಗಳೆ ಲೇಬಲ್ಲಿನ ಈ ಕಹಿ ಹುಟ್ಟಿದ್ದು ಮದ್ದಾಗಿ. ವೆನೆಜುವೆಲಾದ ಅಂಗೋಸ್ಟುರಾ ಪಟ್ಟಣದಲ್ಲಿ ಜರ್ಮನ್ ಸೇನಾವೈದ್ಯ ಯೋಹಾನ್ ಸೀಗರ್ಟ್ 1824ರಲ್ಲಿ ಇದನ್ನು ಸೈನಿಕರ ಹೊಟ್ಟೆಯ ತೊಂದರೆಗೆಂದು ತಯಾರಿಸಿದರು. 1875ರಲ್ಲಿ ತಯಾರಿಕೆ ಟ್ರಿನಿಡಾಡ್‌ಗೆ ಹೋಯಿತು. ಕಹಿಯ ಮೂಲ ಜೆನ್ಷನ್ ಬೇರು, ಮದ್ಯಸಾರ ಶೇ. 44.7. ಬೇರಿನ ಸತ್ವವನ್ನು ಹೀರಿ, ಕೆಡದಂತೆ ಕಾಯುವುದು ಆ ಮದ್ಯಸಾರವೇ.

ತುಳುನಾಡಿನವರಿಗೆ ಇಂಥ ಕಹಿ ಹೊಸದಲ್ಲ. ಆಟಿ ತಿಂಗಳ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆಮರದ ತೊಗಟೆಯನ್ನು ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆಯುತ್ತಾರೆ. ರಸಕ್ಕೆ ಓಮ, ಕರಿಮೆಣಸು, ಬೆಳ್ಳುಳ್ಳಿ ಸೇರಿಸಿ, ಕಾದ ಬಿಳಿಕಲ್ಲನ್ನು ಚುಂಯ್ ಎಂದು ಇಳಿಬಿಡುತ್ತಾರೆ; ಅದೇ ಆಟಿ ಕಷಾಯ. ಆ ಮರ ಮುಂಬಯಿಯ ರಸ್ತೆಬದಿಯಲ್ಲೂ ಧಾರಾಳವಾಗಿದೆ. ಆದರೆ ಗುರುತು ಬಲ್ಲ ಹಿರಿಯರಿಲ್ಲದೆ ತೊಗಟೆಗೆ ಕೈಹಾಕಬೇಡಿ; ಹಾಲೆಯೆಂದು ಕಾಸರಕ ತಂದರೆ ಅದು ವಿಷ.

ಮದ್ದು ಯಾವುದು, ಮದ್ಯ ಯಾವುದು ಎಂಬ ಪ್ರಶ್ನೆ ಈ ಊರಿನಿಂದಲೇ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತ್ತು. 1949ರ ಬಾಂಬೆ ಪಾನನಿಷೇಧ ಕಾಯ್ದೆ ಮದ್ಯಸಾರವಿರುವ ಔಷಧಗಳನ್ನೂ ತಡೆದಿತ್ತು. 1951ರ ಬಲ್ಸಾರಾ ಪ್ರಕರಣದಲ್ಲಿ ಕೋರ್ಟು ಆ ಭಾಗವನ್ನು ರದ್ದುಮಾಡಿತು. ನನ್ನ ಮಟ್ಟಿಗೆ ಬಿಟರ್ಸ್ ಮದ್ಯವೇ, ಆದರೆ ಅದರ ಅಳತೆ ಮದ್ದಿನದು. ಲೋಟಕ್ಕೆ ಸುರಿದರೆ ಬಾಯಿಗಿಡಲಾಗದು. ಹನಿಯಾಗಿ ಬಿದ್ದರೆ ಸಾರಿಗೆ ಇಂಗು ಬಿದ್ದಂತೆ.

ನಿಂಬೆ ಸೋಡಾದಿಂದ ಶುರುಮಾಡಿ. ಎತ್ತರದ ಲೋಟಕ್ಕೆ ಅರ್ಧ ನಿಂಬೆಯ ರಸ, ಎರಡು ಚಮಚ ಸಕ್ಕರೆ ಪಾಕ, ಚಿಟಿಕೆ ಉಪ್ಪು, ಮಂಜುಗಡ್ಡೆ. ತಣ್ಣಗಿನ ಸೋಡಾ ತುಂಬಿದ ಮೇಲೆ ಬಾಟಲಿಯನ್ನು ನಾಲ್ಕು ಬಾರಿ ಕೊಡವಿ. ಕಲಕಬೇಡಿ. ಕೆಂಗಂದು ಬಣ್ಣ ಎಳೆಎಳೆಯಾಗಿ ಇಳಿಯುವುದನ್ನು ನೋಡುತ್ತ ಕುಡಿಯಿರಿ: ಮೊದಲ ಗುಟುಕಿಗೆ ಪರಿಮಳ, ನಡುವೆ ಹುಳಿಸಿಹಿ, ತಳದಲ್ಲಿ ಕಹಿ. ಜಿನ್‌ಗಾದರೆ ಎರಡೇ ಹನಿ ಸಾಕು.

ಗುಟುಕು ಇಳಿದ ಮೇಲೂ ನಾಲಿಗೆಯ ಬುಡದಲ್ಲಿ ಕಹಿ ಕೂತಿರುತ್ತದೆ. ಇನ್ನೊಂದು ಲೋಟಕ್ಕೆ ಅವಸರ ಬೇಡ, ಅದು ತಾನಾಗಿ ಕರಗಲಿ. ಆಟಿ ಕಷಾಯ ಕುಡಿಸಿದ ಅಮ್ಮ ಮೆಂತೆ ಗಂಜಿ ಬಡಿಸಲು ಅಷ್ಟು ಹೊತ್ತು ಕಾಯಿಸುತ್ತಿದ್ದರು.