ಇಮಾಮ್ ಸಾಹೇಬರ ಹುಟ್ಟೂರು

ರಾಮನಗರದ ರಾಮದೇವರ ಬೆಟ್ಟಕ್ಕೆ ಬರುವ ಪರಊರಿನವರು ಇಂದಿಗೂ ಮೊದಲು ಕೇಳುವುದು ಗಬ್ಬರ್ ಸಿಂಗನ ಬಂಡೆ ಯಾವುದೆಂದು. ಬೆಟ್ಟದ ಮೇಲಿನ ದೇವರು, ಬಂಡೆಯ ಸಂದಿನಲ್ಲಿ ಗೂಡು ಕಟ್ಟುವ ರಣಹದ್ದು ಎಲ್ಲವೂ ಆಮೇಲಿನ ವಿಚಾರ. 1973ರ ಅಕ್ಟೋಬರ್‌ನಲ್ಲಿ ರಮೇಶ್ ಸಿಪ್ಪಿಯವರ ತಂಡ ಇಲ್ಲಿ ರಾಮಗಢವೆಂಬ ಊರನ್ನೇ ಕಟ್ಟಿ ಚಿತ್ರೀಕರಣ ಆರಂಭಿಸಿತು. 1975ರ ಆಗಸ್ಟ್ 15ರಂದು ‘ಶೋಲೆ’ ತೆರೆಕಂಡಿತು. ಆ ಊರಿನಲ್ಲಿ ದೇವಸ್ಥಾನವಿತ್ತು, ಮಸೀದಿಯೂ ಇತ್ತು.

ಅದರ ಒಂದು ದೃಶ್ಯವನ್ನು ನಾವಿಂದು ಮತ್ತೆ ನೆನೆಯಬೇಕಾಗಿದೆ. ಅಂಧ ಇಮಾಮ್ ಸಾಹೇಬರ ಮಗ ಅಹ್ಮದ್ ಕೆಲಸಕ್ಕೆಂದು ಪಟ್ಟಣಕ್ಕೆ ಹೊರಟವನು ಡಕಾಯಿತರ ಕೈಗೆ ಸಿಗುತ್ತಾನೆ. ಅವನ ಕೊಲೆಯನ್ನು ಚಿತ್ರ ತೋರಿಸುವುದಿಲ್ಲ. ಗಬ್ಬರ್ ತನ್ನ ಕೈಮೇಲೆ ಹರಿಯುವ ಇರುವೆಯೊಂದನ್ನು ಹೊಸಕುತ್ತಾನೆ, ಅಷ್ಟೆ. ಆಮೇಲೆ ಕುದುರೆಯೊಂದು ಶವವನ್ನು ಹೊತ್ತು ಊರಿಗೆ ಬರುತ್ತದೆ. ಹೆದರಿದ ಜನ, ತಮ್ಮ ರಕ್ಷಣೆಗೆ ಬಂದ ಇಬ್ಬರು ಯುವಕರನ್ನು ಡಕಾಯಿತನಿಗೆ ಒಪ್ಪಿಸಿಬಿಡೋಣ ಎನ್ನುತ್ತಾರೆ. ಒಪ್ಪದವರು ಮಗನನ್ನು ಕಳೆದುಕೊಂಡ ಆ ಮುದುಕರೇ. ಅಝಾನ್ ಕೇಳುತ್ತಲೇ ಅವರು ಮಸೀದಿಯತ್ತ ನಡೆಯುತ್ತಾರೆ. ಊರಿಗಾಗಿ ಪ್ರಾಣ ಕೊಡಲು ತನಗೆ ಇನ್ನಷ್ಟು ಮಕ್ಕಳನ್ನು ಏಕೆ ಕೊಡಲಿಲ್ಲವೆಂದು ದೇವರನ್ನು ಕೇಳಬೇಕಾಗಿದೆ ಅವರಿಗೆ.

ಈ ದೃಶ್ಯಕ್ಕೆ ಕಣ್ಣೀರಿಟ್ಟವರಲ್ಲಿ ಯಾವ ಧರ್ಮದವರು ಎಷ್ಟೆಂದು ಯಾರೂ ಲೆಕ್ಕ ಹಾಕಲಿಲ್ಲ. ನಿರ್ದೇಶಕರು ಹುಟ್ಟಿದ್ದು ಕರಾಚಿಯಲ್ಲಿ. ಕಥೆ ಬರೆದವರು ಸಲೀಂ ಖಾನ್ ಮತ್ತು ಜಾವೇದ್ ಅಖ್ತರ್. ಗಬ್ಬರ್ ಆದವರು ಅಮ್ಜದ್ ಖಾನ್. ಇದನ್ನೂ ಯಾರೂ ದೊಡ್ಡ ವಿಷಯವೆಂದು ಎತ್ತಿಕೊಳ್ಳಲಿಲ್ಲ. ತುರ್ತು ಪರಿಸ್ಥಿತಿಯ ಕಾಲದ ಸೆನ್ಸಾರ್ ಮಂಡಳಿಗೆ ಕಂಡ ತಪ್ಪೇ ಬೇರೆ. ಮಾಜಿ ಪೊಲೀಸ್ ಅಧಿಕಾರಿ ಠಾಕೂರ್ ಕಾನೂನನ್ನು ಕೈಗೆತ್ತಿಕೊಂಡು ಗಬ್ಬರ್‌ನನ್ನು ಕೊಲ್ಲಬಾರದೆಂದು ಅದು ಅಂತ್ಯವನ್ನು ಬದಲಾಯಿಸಿತು.

ಇಮಾಮ್ ಸಾಹೇಬರ ಪಾತ್ರ ಮಾಡಿದವರು ಎ.ಕೆ. ಹಂಗಲ್. ಹೆಸರು ಕೇಳಿ ನಮ್ಮ ಹಾನಗಲ್ಲಿನವರಿರಬೇಕು ಎಂದುಕೊಳ್ಳುವುದು ಕನ್ನಡಿಗರಿಗೆ ಸಹಜ. ಆದರೆ ಅವರು ಕಾಶ್ಮೀರಿ ಪಂಡಿತ ಮನೆತನದವರು. ಹುಟ್ಟಿದ್ದು ಈಗ ಪಾಕಿಸ್ತಾನದಲ್ಲಿರುವ ಸಿಯಾಲ್‌ಕೋಟ್‌ನಲ್ಲಿ. ಸ್ವಾತಂತ್ರ್ಯ ಹೋರಾಟದಲ್ಲಿದ್ದವರು; ಹೊಟ್ಟೆಪಾಡಿಗೆ ದರ್ಜಿಯ ಕೆಲಸ ಮಾಡಿದವರು. ಕಮ್ಯುನಿಸ್ಟರೆಂಬ ಕಾರಣಕ್ಕೆ ಕರಾಚಿಯ ಜೈಲಿನಲ್ಲಿದ್ದು, 1949ರಲ್ಲಿ ಮುಂಬಯಿಗೆ ಬಂದರು.

1993ರಲ್ಲಿ ಈ ಹಿರಿಯರಿಗೆ ಹುಟ್ಟೂರನ್ನೊಮ್ಮೆ ನೋಡುವ ಆಸೆಯಾಯಿತು. ವೀಸಾಕ್ಕೆ ಅರ್ಜಿ ಹಾಕಿದರು. ಮುಂಬಯಿಯ ಪಾಕಿಸ್ತಾನಿ ದೂತಾವಾಸ ತನ್ನ ದೇಶದ ದಿನಾಚರಣೆಗೆ ಕರೆಯಿತು, ಹೋಗಿಬಂದರು. ಅಷ್ಟಕ್ಕೇ ಶಿವಸೇನೆ ಅವರ ಚಿತ್ರಗಳ ಬಹಿಷ್ಕಾರಕ್ಕೆ ಕರೆಕೊಟ್ಟಿತು. ನಿರ್ಮಾಪಕರು ಹೆದರಿದರು. ಸುಮಾರು ಎರಡು ವರ್ಷ ಅವರಿಗೆ ಕೆಲಸವಿರಲಿಲ್ಲ. ರಾಮನಗರದ ಬಂಡೆಗಳ ನಡುವೆ ಹಳ್ಳಿಯ ಮಾನ ಉಳಿಸಿದ ಇಮಾಮರಿಗೆ ಸಿಕ್ಕ ಮರ್ಯಾದೆ ಇದು!

ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಹಂಗಲ್ ಅವರು ಯಾವ ಚಿತ್ರದಲ್ಲಿ ಏನು ತಪ್ಪು ಮಾಡಿದರೆಂದು ಬಹಿಷ್ಕರಿಸಿದವರು ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಅವರಿಗಿರಲಿಲ್ಲ. ಇಂಥ ಹುಯಿಲಿಗೆ ಚಿತ್ರ ಒಂದು ನೆಪ ಮಾತ್ರ. ಬೇಕಾಗಿರುವುದು ಒಂದು ಹೆಸರು, ಒಂದು ಊರು. 2016ರಲ್ಲಿ ನಮ್ಮ ರಾಜ್ಯದಲ್ಲೂ ಇದೇ ಆಯಿತು. ಪಾಕಿಸ್ತಾನಕ್ಕೆ ಹೋಗುವುದೆಂದರೆ ನರಕಕ್ಕೆ ಹೋದಂತೆ ಎಂದು ಅಂದಿನ ರಕ್ಷಣಾ ಸಚಿವರು ಹೇಳಿದಾಗ, ಇಸ್ಲಾಮಾಬಾದಿಗೆ ಹೋಗಿಬಂದಿದ್ದ ನಟಿ, ಮಾಜಿ ಸಂಸದೆ ರಮ್ಯಾ ಅದು ನರಕವಲ್ಲ, ಅಲ್ಲಿನ ಜನರೂ ನಮ್ಮಂತೆಯೇ ಎಂದರು. ಕೊಡಗಿನಲ್ಲಿ ರಾಜದ್ರೋಹದ ದೂರು ದಾಖಲಾಯಿತು. ಮಂಗಳೂರಿನಲ್ಲಿ ಅವರ ಕಾರಿಗೆ ಮೊಟ್ಟೆ ಬಿತ್ತು.

ಇಷ್ಟು ಹೇಳಿ ಸುಮ್ಮನಾದರೆ ನಾವು ಅರ್ಧ ಸತ್ಯವನ್ನಷ್ಟೇ ಹೇಳಿದಂತೆ. 2013ರ ಜನವರಿಯಲ್ಲಿ ಕಮಲ್ ಹಾಸನ್ ಅವರ ‘ವಿಶ್ವರೂಪಂ’ ಚಿತ್ರದ ವಿರುದ್ಧ ಬೀದಿಗಿಳಿದವರು ನಮ್ಮವರೇ. ತಮಿಳುನಾಡು ಸರಕಾರ ಶಾಂತಿಭಂಗದ ಹೆಸರಿನಲ್ಲಿ ಚಿತ್ರವನ್ನು ತಡೆಯಿತು; ಕೆಲವು ದೃಶ್ಯಗಳ ಧ್ವನಿಯನ್ನು ಅಡಗಿಸಲು ಒಪ್ಪಿದ ಬಳಿಕವೇ ಫೆಬ್ರವರಿ 7ರಂದು ಅದು ಅಲ್ಲಿ ತೆರೆಕಂಡಿತು. ಅಫ್ಘಾನಿಸ್ತಾನದ ದೃಶ್ಯಗಳ ಬಗ್ಗೆ ಆಕ್ಷೇಪಿಸಲು ಕಾರಣಗಳಿದ್ದವು. ಆದರೆ ಆ ಚಿತ್ರದ ನಾಯಕನೇ ಒಬ್ಬ ಮುಸಲ್ಮಾನ, ದೇಶಕ್ಕಾಗಿ ದುಡಿಯುವ ಗುಪ್ತಚರ ಅಧಿಕಾರಿ. ಘೋಷಣೆ ಕೂಗಿದವರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿತ್ತು? ಇನ್ನೊಬ್ಬರ ಹುಯಿಲನ್ನು ಖಂಡಿಸುವ ನಾವು ನಮ್ಮ ಹುಯಿಲಿಗೆ ಮಾತ್ರ ‘ನೊಂದ ಭಾವನೆ’ ಎಂಬ ಹೆಸರು ಕೊಡುವುದು ನ್ಯಾಯವಲ್ಲ.

ಹಾಗಾದರೆ ನಮ್ಮ ಬಗ್ಗೆ ಸುಳ್ಳು ಹೇಳುವ ಚಿತ್ರಗಳನ್ನು ಸಹಿಸಿಕೊಂಡು ಕೂರಬೇಕೇ ಎಂದು ಓದುಗರು ಕೇಳಬಹುದು. ಖಂಡಿತ ಬೇಕಾಗಿಲ್ಲ. 2023ರ ‘ದಿ ಕೇರಳ ಸ್ಟೋರಿ’ಯನ್ನು ನೋಡಿ. ಕೇರಳದ 32,000 ಹೆಣ್ಣುಮಕ್ಕಳು ಮತಾಂತರಗೊಂಡರೆಂಬ ಪ್ರಚಾರದೊಂದಿಗೆ ಬಂದ ಚಿತ್ರ ಅದು. ಪಶ್ಚಿಮ ಬಂಗಾಳ ಸರಕಾರ ಅದನ್ನು ನಿಷೇಧಿಸಿತು. ಸುಪ್ರೀಂ ಕೋರ್ಟ್ ಮೇ 18ರಂದು ಆ ನಿಷೇಧಕ್ಕೆ ತಡೆ ನೀಡಿತು. ಆದರೆ ಅಂಕಿಯ ಆಧಾರವೆಲ್ಲಿ ಎಂದು ಕೇಳಿದವರು ಸೋಲಲಿಲ್ಲ. ಆ ಸಂಖ್ಯೆಗೆ ಅಧಿಕೃತ ದಾಖಲೆಯಿಲ್ಲ, ಚಿತ್ರ ಕಾಲ್ಪನಿಕ ಎಂಬ ಸೂಚನೆ ಹಾಕಲು ನಿರ್ಮಾಪಕರು ಅದೇ ನ್ಯಾಯಾಲಯದಲ್ಲಿ ಒಪ್ಪಬೇಕಾಯಿತು. ನಿಷೇಧ ಬಿದ್ದುಹೋಯಿತು, ಪ್ರಶ್ನೆ ಗೆದ್ದಿತು.

ವಿಮರ್ಶೆಗೂ ಹುಯಿಲಿಗೂ ಇರುವ ಅಂತರ ಇಲ್ಲಿದೆ. ವಿಮರ್ಶೆ ಮಾಡುವವನು ಚಿತ್ರವನ್ನು ನೋಡಲೇಬೇಕು. ‘ಶೋಲೆ’ಯ ಇಮಾಮರನ್ನೂ ನಾವು ವಿಮರ್ಶಿಸಬಹುದು. ಮುಸಲ್ಮಾನ ಒಳ್ಳೆಯವನೆನಿಸಿಕೊಳ್ಳಲು ಮಗನನ್ನೇ ಕಳೆದುಕೊಳ್ಳಬೇಕೇ? ಇಷ್ಟು ದೊಡ್ಡ ತ್ಯಾಗ ಮಾಡದ, ಸಂತೆಗೆ ಹೋಗಿ ಬರುವ, ನೆರೆಯವರೊಡನೆ ಜಗಳವಾಡುವ, ಸಾಲ ತೀರಿಸಲು ಪರದಾಡುವ ಸಾಮಾನ್ಯ ಮುಸಲ್ಮಾನನಿಗೆ ರಾಮಗಢದಲ್ಲಿ ಏಕೆ ಜಾಗವಿಲ್ಲ? ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಗೂಡು ಕೊಳ್ಳುವ ರಾಮನಗರದ ನೂಲು ಬಿಚ್ಚುವವರಲ್ಲಿ, ಚನ್ನಪಟ್ಟಣದಲ್ಲಿ ಆಲೆಮರದ ಬೊಂಬೆಗೆ ಅರಗಿನ ಬಣ್ಣ ಹಚ್ಚುವವರಲ್ಲಿ ಅಂಥವರು ಬೇಕಾದಷ್ಟು ಮಂದಿ ಇದ್ದಾರೆ. ಈ ಪ್ರಶ್ನೆ ಎತ್ತಿದರೆ ಮುಂದೆ ಕಥೆ ಬರೆಯುವವನಿಗೆ ಉಪಯೋಗ. ಚಿತ್ರಮಂದಿರದ ಗಾಜು ಒಡೆದರೆ ಯಾರಿಗೆ ಉಪಯೋಗ?

ರಾಮನಗರದಿಂದ ಮಾಗಡಿಯತ್ತ ಹೋದರೆ ಸಾವನದುರ್ಗ ಸಿಗುತ್ತದೆ. ಇ.ಎಂ. ಫಾರ್ಸ್ಟರ್ 1924ರಲ್ಲಿ ಬರೆದ ಕಾದಂಬರಿಯನ್ನು ಆಧರಿಸಿ ಡೇವಿಡ್ ಲೀನ್ ತೆಗೆದ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರದ ಗುಹೆಗಳ ದೃಶ್ಯಗಳಿಗೆ ಈ ಬಂಡೆಗಳನ್ನೂ ರಾಮನಗರದ ಬಂಡೆಗಳನ್ನೂ ಬಳಸಿಕೊಂಡರು. ಅದರ ಕಥೆ ನಮ್ಮ ಇಂದಿನ ವಿಷಯವೇ. ಡಾಕ್ಟರ್ ಅಝೀಝ್ ಪ್ರೀತಿಯಿಂದ ಇಂಗ್ಲಿಷ್ ಅತಿಥಿಗಳನ್ನು ಗುಹೆ ನೋಡಲು ಕರೆದೊಯ್ಯುತ್ತಾನೆ. ಅಡೆಲಾ ಎಂಬ ತರುಣಿ ಗುಹೆಯಿಂದ ಗಾಬರಿಯಾಗಿ ಓಡುತ್ತಾಳೆ. ಅಪವಾದ ಅಝೀಝ್‌ನ ಮೇಲೆ ಬರುತ್ತದೆ. ಒಳಗೆ ನಡೆದದ್ದೇನು ಎಂದು ಇಂಗ್ಲಿಷರ ಕ್ಲಬ್ಬಿನಲ್ಲಿ ಹೆಚ್ಚಿನವರು ವಿಚಾರಿಸುವುದಿಲ್ಲ. ಆರೋಪಿ ಭಾರತೀಯ, ಅಷ್ಟು ಸಾಕು, ಸಿಟ್ಟು ನೆತ್ತಿಗೇರುತ್ತದೆ. ಕೊನೆಗೆ ನ್ಯಾಯಾಲಯದಲ್ಲಿ ಅಡೆಲಾಳೇ ಆರೋಪವನ್ನು ಹಿಂದೆಗೆದುಕೊಳ್ಳುತ್ತಾಳೆ. ಅಝೀಝ್ ಬಿಡುಗಡೆಯಾಗುತ್ತಾನೆ, ಆದರೆ ಮೊದಲಿನ ಅಝೀಝ್ ಆಗಿ ಉಳಿಯುವುದಿಲ್ಲ.

ಹುಯಿಲೆಬ್ಬಿಸುವವರು ಮರೆಯುವುದು ಇದನ್ನೇ. 2025ರಲ್ಲಿ ‘ಶೋಲೆ’ಗೆ 50 ವರ್ಷ ತುಂಬಿದಾಗ, ಸೆನ್ಸಾರ್ ಬದಲಾಯಿಸಿದ್ದ ಮೂಲ ಅಂತ್ಯವನ್ನು ಮರಳಿ ಸೇರಿಸಿದ ಪ್ರತಿ ಇಟಲಿಯ ಬೊಲೊನ್ಯಾ ನಗರದಲ್ಲಿ ಪ್ರದರ್ಶನಗೊಂಡಿತು. ಕತ್ತರಿಸಿದ ದೃಶ್ಯವನ್ನು ಅರ್ಧ ಶತಮಾನದ ನಂತರವೂ ಜೋಡಿಸಬಹುದು. ಹಂಗಲ್ ಅವರಿಗೆ 2006ರಲ್ಲಿ ಪದ್ಮಭೂಷಣ ಬಂತು. 2012ರಲ್ಲಿ ಅವರು ತೀರಿಕೊಂಡರು. ಎಪ್ಪತ್ತು ದಾಟಿದ ನಟನ ಬಾಳಿನಿಂದ ಕತ್ತರಿಸಿದ ಆ ಎರಡು ವರ್ಷಗಳನ್ನು ಮಾತ್ರ ಯಾರಿಗೂ ಜೋಡಿಸಲಾಗಲಿಲ್ಲ. ಮುಂದಿನ ಸಲ ಯಾವುದೋ ಚಿತ್ರದ ವಿರುದ್ಧ ನಮ್ಮ ಕೈಗೆ ಯಾರಾದರೂ ಕರಪತ್ರ ಕೊಟ್ಟಾಗ, ಅದು ಯಾವ ಬಣ್ಣದ್ದೇ ಇರಲಿ, ನಾವು ಕೇಳಬೇಕಾದುದು ಇಷ್ಟೆ: ಸ್ವಾಮಿ, ನೀವು ಚಿತ್ರ ನೋಡಿದ್ದೀರಾ?