ರೂಪಕವು ಹೇತುವಾಗುವ ಗಳಿಗೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಸಭೆಗಳಲ್ಲಿ ಪ್ರತಿ ನವೆಂಬರಿನಲ್ಲಿಯೂ ಕೇಳಿಬರುವ ರಾಜ್ಯೋತ್ಸವ ಭಾಷಣಗಳನ್ನೂ, ಅವೇ ಲೇಖನಗಳಾಗಿ ಅಚ್ಚಾಗುವ ಸ್ಮರಣಸಂಚಿಕೆಗಳನ್ನೂ ಹಲವು ವರ್ಷಗಳಿಂದ ಶ್ರದ್ಧೆಯಿಂದ ಅನುಸರಿಸಿ ಬಂದಿರುವ ನನಗೆ, ಅರಿಸ್ಟಾಟಲನು ವಾಗ್ಮಿತೆಗೆ ಆಧಾರವೆಂದೆಣಿಸಿದ ಮೂರರಲ್ಲಿ ವಕ್ತೃವಿನ ಶೀಲವೂ ಶ್ರೋತೃವಿನ ಭಾವವೂ ನಮ್ಮಲ್ಲಿ ಸಮೃದ್ಧವಾಗಿದ್ದು, ಮೂರನೆಯದಾದ ಯುಕ್ತಿಯನ್ನು ಪರೀಕ್ಷಿಸತಕ್ಕ ಪರಿಭಾಷೆಯನ್ನು ಮಾತ್ರ ನಾವು ಮರೆತಿರುವೆವೆಂದು ತೋರುತ್ತದೆ. ಉಪಮೆ, ರೂಪಕ, ಶ್ಲೇಷೆಗಳನ್ನು ಶಾಲೆಯಲ್ಲಿ ಷಟ್ಪದಿಯೊಡನೆ ಕಲಿತು ಅಲ್ಲಿಯೇ ಬಿಟ್ಟುಬಂದೆವು.

ಕಲ್ಯಾಣದ ವೇದಿಕೆಯನ್ನೇರಿದ ಭಾಷಣಕಾರರು, ತಾವು ಬಸವಣ್ಣನವರ ಕಲ್ಯಾಣದಲ್ಲಿ ನಿಂತಿರುವುದಾಗಿ ಆರಂಭಿಸಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದೇನೆ. ಅವರ ಕಲ್ಯಾಣವು ಬೀದರ ಜಿಲ್ಲೆಯ ಬಸವಕಲ್ಯಾಣ. ಇದಾದರೋ ಉಲ್ಹಾಸ ನದಿಯ ದಡದ, ಗ್ರೀಕ್ ಭಾಷೆಯ ‘ಪೆರಿಪ್ಲಸ್’ ಗ್ರಂಥದಲ್ಲಿ ಉಕ್ತವಾದ ಪುರಾತನ ರೇವುಪಟ್ಟಣ. ಆ ಕಲ್ಯಾಣದಂತೆ ಈ ಕಲ್ಯಾಣವೂ ಆಗಲೆಂದರೆ ಉಪಮೆ. ನಮ್ಮ ಪಾಲಿಗೆ ಇದೇ ಆ ಕಲ್ಯಾಣವೆಂದರೆ ರೂಪಕ. ಎರಡೂ ನಿರ್ದೋಷ, ಎರಡನೆಯದು ರಮ್ಯವೂ ಹೌದು. ಆದರೆ ‘ಆದುದರಿಂದ ನಾವಿಲ್ಲಿ ಹೊರಗಿನವರಲ್ಲ’ ಎಂಬ ಮಾತು ಹೊರಟೊಡನೆಯೇ ರೂಪಕವು ಹೇತುವಿನ ಪೀಠವನ್ನೇರುತ್ತದೆ, ನೈಯಾಯಿಕರು ಹೇತ್ವಾಭಾಸವೆಂದು ಕರೆದ ದೋಷವು ಘಟಿಸುತ್ತದೆ. ಇದಕ್ಕೆ ಸಮೀಪದ ಬಂಧು ವಾಕ್ಛಲ: ಹೊಸ ಕಂಬಳಿಯವನೆಂಬ ಅರ್ಥದಲ್ಲಿ ‘ನವಕಂಬಲ’ನೆಂದವನನ್ನು, ಒಂಬತ್ತು ಕಂಬಳಿಗಳೆಲ್ಲಿ ಎಂದು ಹಿಡಿಯುವ ವಾತ್ಸ್ಯಾಯನಭಾಷ್ಯದ ಪ್ರತಿವಾದಿಯು ಎದುರಾಳಿಯ ಮಾತನ್ನು ತಿರುಚಿದರೆ, ನಮ್ಮವರು ಅರಿಯದೆಯೇ ತಮ್ಮ ಮಾತನ್ನು ತಾವೇ ತಿರುಚಿಕೊಳ್ಳುತ್ತಾರೆ.

ನನಗೆ ನೋವಾಗುವುದು, ಈ ಜಾರುದಾರಿಯ ಅಗತ್ಯವೇ ಇರಲಿಲ್ಲವಲ್ಲಾ ಎಂದು. ಠಾಣೆಗೆ ನೆರೆಯಾದ ಕಾನ್ಹೇರಿಯ ಗುಹೆಗಳಲ್ಲಿ 9ನೆಯ ಶತಮಾನದ ಶಿಲಾಹಾರರ ಶಾಸನಗಳಿವೆ. ಕೊಂಕಣವನ್ನಾಳಿದ ಆ ಸಾಮಂತರು ಒಡೆಯನೆಂದು ಹೆಸರಿಸುವುದು ರಾಷ್ಟ್ರಕೂಟ ಅಮೋಘವರ್ಷನನ್ನು. ಕವಿರಾಜಮಾರ್ಗವು ಹುಟ್ಟಿದ್ದು ಅದೇ ದೊರೆಯ ಆಸ್ಥಾನದಲ್ಲಿ. ಅಲಂಕಾರಗಳನ್ನು ವರ್ಣಿಸುವ ಮುನ್ನ, ಪ್ರಥಮ ಪರಿಚ್ಛೇದದಲ್ಲಿಯೇ, ದೋಷಾದೋಷಗಳನ್ನು ವಿಚಾರಿಸುವ ಗ್ರಂಥವದು. ಈ ಪ್ರಮಾಣವು ಯಾರ ನೆಲದ ಮೇಲೂ ಹಕ್ಕನ್ನು ಸ್ಥಾಪಿಸದು, ಸ್ಥಾಪಿಸಲೂಬಾರದು; ಮರಾಠಿ ನೆರೆಯವರೊಡನೆ ನಮ್ಮ ಬಾಳು ಎಷ್ಟು ಹಿಂದಿನಿಂದ ಹೆಣೆದುಕೊಂಡಿದೆಯೆಂಬುದನ್ನಷ್ಟೇ ಹೇಳುತ್ತದೆ. ಕಚೇರಿ ಮುಗಿಸಿ, ಕಿಕ್ಕಿರಿದ ಲೋಕಲ್ ಗಾಡಿಯಲ್ಲಿ ನಿಂತೇ ಪಯಣಿಸಿ ಸಭೆಗೆ ಬಂದ ಶ್ರೋತೃವು ಇಷ್ಟನ್ನು ಕೇಳಲು ಅರ್ಹನಲ್ಲವೇ?

ಭಾಷಣಸ್ಪರ್ಧೆಗೆ ಮಕ್ಕಳನ್ನು ಅಣಿಗೊಳಿಸುವ ತಾಯಂದಿರಲ್ಲಿ ನನ್ನದೊಂದು ಬೇಡಿಕೆಯಿದೆ: ಬರೆದುಕೊಟ್ಟ ಹಾಳೆಯಲ್ಲಿ ‘ಆದುದರಿಂದ’ ಎಂದಿರುವೆಡೆಯಲ್ಲೆಲ್ಲ ಗೆರೆಯೆಳೆದು, ಅದರ ಹಿಂದಿನ ವಾಕ್ಯವು ಉಪಮೆಯೋ ಹೇತುವೋ ಎಂದು ಮಗುವನ್ನೇ ಕೇಳಿ ನೋಡಿರಿ.